ಕಾರ್ಬನ್ ಹಾಳೆ, ಕನ್ನಡಿ ಡಿಸ್ಕ್, ಕೊಬ್ಬರಿ ಪಟ್ಟಿ: ಒಂದು ಹೋಸ್ಟಿಂಗ್ ಸೇವೆಯ ವಿಮರ್ಶೆ

ತಿಪಟೂರಿನಲ್ಲಿ ನಮ್ಮದೊಂದು ಕೊಬ್ಬರಿ ಮಂಡಿ ಇದೆ. ಮಾವನವರ ಕಾಲದಿಂದ ನಡೆದು ಬಂದಿರುವ ಅಂಗಡಿ. ಇಪ್ಪತ್ತೆರಡು ವರ್ಷಗಳಿಂದ ಅದರ ಲೆಕ್ಕ ಬರೆಯುತ್ತಿರುವವಳು ನಾನು. ನಮ್ಮ ಜಾಲತಾಣವನ್ನು ತಮ್ಮ ಸರ್ವರ್‌ನಲ್ಲಿ ಇಟ್ಟು ನಡೆಸಿಕೊಡುವ ಈ ಹೋಸ್ಟಿಂಗ್ ಸೇವೆಯನ್ನು ಮೂರು ವರ್ಷ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಈ ಅವಧಿಯಲ್ಲಿ ಇವರ ಸರ್ವರ್‌ನ ಎರಡು ಡಿಸ್ಕುಗಳು ಕೆಟ್ಟವು. ನಮ್ಮ ಒಂದು ಪಟ್ಟಿಯೂ ಕಳೆಯಲಿಲ್ಲ. ಆದರೂ ನಾಲ್ಕೇ ನಕ್ಷತ್ರ ಕೊಟ್ಟಿದ್ದೇನೆ. ಐದನೆಯದನ್ನು ಏಕೆ ತಡೆಹಿಡಿದೆ ಎಂಬುದನ್ನೂ ಹೇಳುತ್ತೇನೆ.

ನಮ್ಮ ಜಾಲತಾಣ ದೊಡ್ಡದೇನಲ್ಲ. ರೈತರು ತಮ್ಮ ಮೊಬೈಲ್ ಸಂಖ್ಯೆ ಕೊಟ್ಟು ಒಳಗೆ ಹೋದರೆ ತಂದ ಚೀಲ, ತೂಕ, ಹರಾಜಿನಲ್ಲಿ ಸಿಕ್ಕ ದರ, ಪಡೆದ ಮುಂಗಡ, ಬರಬೇಕಾದ ಬಾಕಿ ಎಲ್ಲವೂ ಕಾಣುತ್ತದೆ. ಇದನ್ನು ಪಟ್ಟಿ ಎನ್ನುತ್ತೇವೆ. ತೆಂಗಿನಕಾಯಿ ಕಿತ್ತ ಮರುದಿನವೇ ಉಂಡೆ ಕೊಬ್ಬರಿ ಆಗುವುದಿಲ್ಲ. ಸಿಪ್ಪೆಯ ಸಮೇತ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಅಟ್ಟದ ಮೇಲಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಲೊಡಲೊಡ ಎಂದಾಗಲೇ ಅದನ್ನು ಸುಲಿದು ಒಡೆಯುವುದು. ಹೀಗೆ ವರ್ಷವಿಡೀ ಕಾದು ತಂದ ಮಾಲಿಗೆ ನಾವು ಬರೆದುಕೊಡುವುದು ಒಂದೇ ಒಂದು ಸಾಲು. ಆ ಸಾಲು ಅಳಿದರೆ ರೈತನಿಗೆ ಮುಖ ತೋರಿಸುವುದು ಹೇಗೆ?

ಒಮ್ಮೆ ಅಳಿದೇ ಹೋಗಿತ್ತು. ಇವರಲ್ಲಿಗೆ ಬರುವ ಮೊದಲು ಬೇರೊಂದು ಕಡೆ ಜಾಲತಾಣ ಇಟ್ಟಿದ್ದೆವು. ಅವರ ಹೆಸರು ಇಲ್ಲಿ ಬೇಡ. ಬೆಲೆ ಬಹಳ ಕಡಿಮೆ ಇತ್ತು, ನಾವು ಕೇಳಿದ್ದೂ ಬೆಲೆಯೊಂದನ್ನೇ. ಒಂದು ಬೆಳಿಗ್ಗೆ ತಾಣ ತೆರೆಯಲಿಲ್ಲ. ನಾಲ್ಕು ದಿನ ಕಾಯಿಸಿದ ಮೇಲೆ ಗೊತ್ತಾದದ್ದು ಇಷ್ಟು: ಆ ಸರ್ವರ್‌ನಲ್ಲಿ ಇದ್ದದ್ದು ಒಂದೇ ಡಿಸ್ಕ್, ಅದು ಕೆಟ್ಟಿತು. ದಿನವೂ ತೆಗೆಯುತ್ತಿದ್ದ ಬ್ಯಾಕಪ್ ಕೂಡ ಅದೇ ಡಿಸ್ಕಿನ ಇನ್ನೊಂದು ಫೋಲ್ಡರ್‌ನಲ್ಲಿತ್ತು. ಹನ್ನೊಂದು ತಿಂಗಳ ಲೆಕ್ಕ ಹೋಯಿತು.

ನಮ್ಮನ್ನು ಉಳಿಸಿದ್ದು ಮಾವನವರ ಹಟ. ಕಂಪ್ಯೂಟರ್ ಬಂದ ಮೇಲೂ ಕಾರ್ಬನ್ ಹಾಳೆ ಇಟ್ಟು ಪಟ್ಟಿ ಪುಸ್ತಕ ಬರೆಯುವುದನ್ನು ಅವರು ನಿಲ್ಲಿಸಲು ಬಿಟ್ಟಿರಲಿಲ್ಲ. ಮೇಲಿನ ಹಾಳೆ ರೈತನಿಗೆ, ಕೆಳಗಿನ ನೀಲಿ ನಕಲು ಮಂಡಿಗೆ. ನಾನು, ನನ್ನ ಮಗಳು, ಮೈದುನ ಮೂವರೂ ಕೂತು ಹತ್ತೊಂಬತ್ತು ರಾತ್ರಿಗಳಲ್ಲಿ 1,340 ಪಟ್ಟಿಗಳನ್ನು ಮತ್ತೆ ಕಂಪ್ಯೂಟರ್‌ಗೆ ಏರಿಸಿದೆವು. ಒಂದು ವಾರದ ಪುಸ್ತಕ ಮಾತ್ರ ಮಳೆನೀರಿಗೆ ಸಿಕ್ಕಿ ಅಕ್ಷರಗಳೆಲ್ಲ ಕದಡಿದ್ದವು. ಆ ವಾರ ಮಾಲು ತಂದಿದ್ದವರಿಗೆಲ್ಲ ಫೋನ್ ಮಾಡಿ, ಅವರ ಹಾಳೆ ತರಲು ಬೇಡಿಕೊಂಡೆ. ನೊಣವಿನಕೆರೆ ಕಡೆಯ ಒಬ್ಬ ಅಜ್ಜಿ ತಗಡಿನ ಟ್ರಂಕಿನಿಂದ ತೆಗೆದ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಸ್ಸಿನಲ್ಲಿ ಬಂದರು. "ಜೋಪಾನವಾಗಿ ಇಟ್ಟಿದ್ದೆ ಕಣಮ್ಮ" ಎಂದು ಕೈಗೆ ಕೊಟ್ಟರು. ಒಂಬತ್ತು ಚೀಲ. ಒಬ್ಬರ ಹಾಳೆಗೆ ಮಾತ್ರ ಗೆದ್ದಲು ಹಿಡಿದಿತ್ತು. ಅವರು ನೆನಪಿನಿಂದ ಹೇಳಿದ ತೂಕವನ್ನೇ ಬರೆದುಕೊಂಡೆ.

ಆ ಹತ್ತೊಂಬತ್ತು ರಾತ್ರಿಗಳ ನಂತರ, ಹೊಸ ಕಡೆ ಹೋಗುವ ಮೊದಲು ಪ್ರಶ್ನೆ ಕೇಳಲು ಕಲಿತೆ. ನಾಲ್ಕು ಸಂಸ್ಥೆಗಳಿಗೆ ಫೋನ್ ಮಾಡಿದೆ. ಮೊದಲ ಪ್ರಶ್ನೆ ಒಂದೇ: "ನಿಮ್ಮ ಒಂದು ಡಿಸ್ಕ್ ಈಗ, ನಾವು ಮಾತನಾಡುತ್ತಿರುವಾಗಲೇ ಕೆಟ್ಟರೆ ಏನಾಗುತ್ತದೆ?" ಮೂರು ಕಡೆ "ನಮ್ಮ ಡಿಸ್ಕುಗಳು ಕೆಡುವುದಿಲ್ಲ ಮೇಡಂ, ಬ್ರ್ಯಾಂಡೆಡ್" ಎಂಬ ಧಾಟಿಯ ಉತ್ತರ ಬಂತು. ಇವರ ಕಡೆ ಫೋನ್ ತೆಗೆದ ಹುಡುಗ ಮಾತ್ರ ಹೀಗೆ ಹೇಳಿದ: "ಕೆಡುತ್ತದೆ ಮೇಡಂ. ಎಲ್ಲ ಡಿಸ್ಕೂ ಒಂದು ದಿನ ಕೆಡುತ್ತದೆ. ಅದಕ್ಕೇ ನಾಲ್ಕು ಹಾಕಿದ್ದೇವೆ." ಆ ಮಾತಿಗೇ ನಾನು ಒಪ್ಪಿದೆ. ವರ್ಷಕ್ಕೆ 9,600 ರೂಪಾಯಿ. ಹಿಂದೆ ಕೊಡುತ್ತಿದ್ದುದರ ನಾಲ್ಕರಷ್ಟು.

ಅವರು ಕೊಟ್ಟದ್ದು ರೇಡ್ 10 ಎಂಬ ಜೋಡಣೆ. ರೇಡ್ ಎಂಬ ಹೆಸರು ಹಳೆಯದು. 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಟ್ಜ್ ಎಂಬ ಮೂವರು ಒಂದು ಪ್ರಬಂಧದಲ್ಲಿ ಈ ಹೆಸರಿಟ್ಟರು. ದುಬಾರಿಯಾದ ಒಂದು ದೊಡ್ಡ ಡಿಸ್ಕಿಗೆ ಬದಲಾಗಿ ಅಗ್ಗದ ಹಲವು ಸಣ್ಣ ಡಿಸ್ಕುಗಳನ್ನು ಜೋಡಿಸಿ, ಒಂದು ಕೆಟ್ಟರೂ ಉಳಿದವು ಅದರ ಕೆಲಸ ಹೊರುವಂತೆ ಮಾಡಬಹುದು ಎಂಬುದು ಅವರ ವಾದ. ಇಂದು ನೆಚ್ಚಬಹುದಾದ ಹೋಸ್ಟಿಂಗ್ ಸಂಸ್ಥೆಗಳಲ್ಲಿ ಬಹುಪಾಲು ಇಂಥದ್ದೊಂದು ಏರ್ಪಾಡಿನ ಮೇಲೆಯೇ ನಿಂತಿವೆ.

ರೇಡ್ 1 ಎಂದರೆ ನಮ್ಮ ಕಾರ್ಬನ್ ಹಾಳೆಯೇ. ಒಂದು ಡಿಸ್ಕಿನಲ್ಲಿ ಬರೆದದ್ದು ಅದೇ ಕ್ಷಣ ಇನ್ನೊಂದರಲ್ಲೂ ಮೂಡುತ್ತದೆ. ಇದಕ್ಕೆ ಕನ್ನಡಿ ಹಿಡಿಯುವುದು ಎನ್ನುತ್ತಾರೆ. ರೇಡ್ 0 ಎಂದರೆ ವೇಗಕ್ಕಾಗಿ ದತ್ತಾಂಶವನ್ನು ತುಂಡು ಮಾಡಿ ಎರಡು ಡಿಸ್ಕುಗಳಿಗೆ ಹಂಚುವುದು. ಅದರಲ್ಲಿ ನಕಲು ಎಂಬುದೇ ಇಲ್ಲ, ಒಂದು ಹೋದರೆ ಎಲ್ಲವೂ ಹೋದಂತೆ. ಹೆಸರಿನಲ್ಲಿ ರೇಡ್ ಇದೆ ಎಂದು ಇದನ್ನು ಸುರಕ್ಷಿತ ಎಂದುಕೊಂಡು ಯಾರೂ ಕೊಳ್ಳಬೇಡಿ. ರೇಡ್ 10ರಲ್ಲಿ ನಾಲ್ಕು ಡಿಸ್ಕುಗಳು ಎರಡು ಜೋಡಿಗಳಾಗುತ್ತವೆ. ಜೋಡಿಯೊಳಗೆ ಕನ್ನಡಿ, ಜೋಡಿಗಳ ನಡುವೆ ಹಂಚಿಕೆ. ಕೊಂಡ ಜಾಗದಲ್ಲಿ ಅರ್ಧ ಮಾತ್ರ ಬಳಕೆಗೆ ಸಿಗುತ್ತದೆ. ಉಳಿದರ್ಧ ನಕಲಿಗೆ ತೆತ್ತ ಬೆಲೆ.

ಇದಕ್ಕಿಂತ ಅಗ್ಗದ ರೇಡ್ 5 ಇದೆಯಲ್ಲ, ಅದನ್ನು ಏಕೆ ಹಾಕಲಿಲ್ಲ ಎಂದು ಆ ಹುಡುಗನನ್ನು ಕೇಳಿದೆ. ಅವನು ವಿವರಿಸುತ್ತ ಹೋದಂತೆ ನನಗೆ ನಮ್ಮ ಖಾತೆ ಪುಸ್ತಕವೇ ಕಣ್ಣಿಗೆ ಕಟ್ಟಿತು. ಒಂದು ಪುಟದಲ್ಲಿ ಮೂವರ ಚೀಲಗಳಿವೆ ಎನ್ನಿ: 12, 9, 15. ಕೆಳಗೆ ಮೊತ್ತ 36. ಮೂರನೆಯ ಅಂಕಿಯ ಮೇಲೆ ಶಾಯಿ ಚೆಲ್ಲಿದರೂ ಗಾಬರಿಯಿಲ್ಲ. 36ರಲ್ಲಿ 12 ಮತ್ತು 9 ಕಳೆದರೆ 15 ತಾನಾಗಿ ಬರುತ್ತದೆ. ರೇಡ್ 5 ಇದನ್ನೇ ಸೊನ್ನೆ ಮತ್ತು ಒಂದರ ಭಾಷೆಯಲ್ಲಿ, ಬೆಸ-ಸಮ ಎಣಿಸುವ ರೀತಿಯಲ್ಲಿ ಮಾಡುತ್ತದೆ. ಆ ಮೊತ್ತವನ್ನು ಒಂದೇ ಡಿಸ್ಕಿನಲ್ಲಿ ಇಡದೆ ಎಲ್ಲ ಡಿಸ್ಕುಗಳಿಗೂ ಸರದಿಯಂತೆ ಹಂಚುತ್ತದೆ. ಕನಿಷ್ಠ ಮೂರು ಡಿಸ್ಕುಗಳು ಬೇಕು; ಒಂದು ಕೆಟ್ಟರೆ ತಡೆದುಕೊಳ್ಳುತ್ತದೆ. ಎರಡು ಅಂಕಿಗಳ ಮೇಲೆ ಶಾಯಿ ಬಿದ್ದರೆ ಒಂದೇ ಮೊತ್ತದಿಂದ ಎರಡನ್ನೂ ಬಿಡಿಸಲಾಗುವುದಿಲ್ಲ. ಅದಕ್ಕೆ ಬೇರೆ ಬೇರೆ ಬಗೆಯ ಎರಡು ಮೊತ್ತಗಳನ್ನು ಇಡುವ ರೇಡ್ 6 ಬಂತು. ಅದಕ್ಕೆ ಕನಿಷ್ಠ ನಾಲ್ಕು ಡಿಸ್ಕುಗಳು ಬೇಕು.

ಹಾಗಿದ್ದರೆ ತೊಡಕು ಎಲ್ಲಿ? ಪುಟದಲ್ಲಿ ಒಂದು ಅಂಕಿ ತಿದ್ದಿದರೂ ಮೊತ್ತ ತಿದ್ದಬೇಕು. ಹಳೆಯ ಅಂಕಿ ಓದಿ, ಹಳೆಯ ಮೊತ್ತ ಓದಿ, ಹೊಸ ಅಂಕಿ ಬರೆದು, ಹೊಸ ಮೊತ್ತ ಬರೆಯಬೇಕು: ಒಂದು ಸಣ್ಣ ಬರಹಕ್ಕೆ ನಾಲ್ಕು ಕೆಲಸ. ಹರಾಜಿನ ದಿನ ನಮ್ಮಲ್ಲಿ ನಿಮಿಷಕ್ಕೆ ಹತ್ತಾರು ಸಣ್ಣ ಬರಹಗಳಾಗುತ್ತವೆ. ಇನ್ನೊಂದು ತೊಡಕು ಡಿಸ್ಕ್ ಕೆಟ್ಟ ಮೇಲಿನದು. ಹೊಸ ಡಿಸ್ಕನ್ನು ತುಂಬಿಸಲು ಉಳಿದ ಎಲ್ಲ ಡಿಸ್ಕುಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದಬೇಕು. ಈಗ ಬರುವ 20 ಟೆರಾಬೈಟಿನ ತಿರುಗುವ ಡಿಸ್ಕನ್ನು ಸೆಕೆಂಡಿಗೆ 200 ಮೆಗಾಬೈಟಿನಂತೆ ಎಡೆಬಿಡದೆ ಓದಿದರೂ 27 ಗಂಟೆಗಿಂತ ಹೆಚ್ಚು ಬೇಕು. ಸಾಮಾನ್ಯ ಡಿಸ್ಕುಗಳ ತಯಾರಕರೇ ಸುಮಾರು 12.5 ಟೆರಾಬೈಟ್ ಓದಿಗೆ ಒಂದು ಕಡೆ ಓದಲಾಗದ ಚುಕ್ಕೆ ಎದುರಾಗಬಹುದು ಎಂಬ ಮಿತಿಯನ್ನು ವಿವರಣೆಯಲ್ಲಿ ಬರೆದಿರುತ್ತಾರೆ. ಮೊತ್ತವನ್ನೇ ನಂಬಿ ಕುಳಿತ ಹೊತ್ತಿನಲ್ಲಿ ಅಂಥ ಚುಕ್ಕೆ ಸಿಕ್ಕರೆ ಆ ಭಾಗ ಹೋಯಿತು. ಕನ್ನಡಿ ಜೋಡಣೆಯಲ್ಲಾದರೆ ಓದಬೇಕಾದದ್ದು ಜೋಡಿಯ ಒಂದು ಡಿಸ್ಕನ್ನು ಮಾತ್ರ. ನಮ್ಮಂಥ ಲೆಕ್ಕದ ಕೆಲಸಕ್ಕೆ ರೇಡ್ 10 ಸರಿ ಎಂಬ ಅವನ ಮಾತನ್ನು ಒಪ್ಪಿದೆ.

ಮಾತು ಒಪ್ಪುವುದು ಬೇರೆ, ನೋಡಿ ನಂಬುವುದು ಬೇರೆ. ಮೊದಲ ಡಿಸ್ಕ್ ಕೆಟ್ಟದ್ದು ಒಂದು ಹರಾಜಿನ ದಿನ, ಬೆಳಿಗ್ಗೆ 11.40ಕ್ಕೆ. ಹಮಾಲರು ಚೀಲ ಇಳಿಸುತ್ತಿದ್ದರು, ನಾನು ಗಲ್ಲೆಯ ಹತ್ತಿರ ಕೂತು ತೂಕ ಏರಿಸುತ್ತಿದ್ದೆ. ಮೊಬೈಲಿಗೆ ಸಂದೇಶ ಬಂತು: ನಿಮ್ಮ ಸರ್ವರ್‌ನ ಮೂರನೆಯ ಡಿಸ್ಕ್ ಕೆಟ್ಟಿದೆ, ತಾಣ ನಡೆಯುತ್ತಿದೆ, ಹೊಸ ಡಿಸ್ಕ್ ಹಾಕುತ್ತಿದ್ದೇವೆ. ಕೈ ನಡುಗಿತು. ಹಳೆಯ ಹತ್ತೊಂಬತ್ತು ರಾತ್ರಿಗಳು ಒಮ್ಮೆಗೇ ಕಣ್ಣ ಮುಂದೆ ಬಂದವು. ಫೋನ್ ಮಾಡಿ, "ಏನಪ್ಪಾ, ನಾನು ಬರೆಯುವುದನ್ನು ನಿಲ್ಲಿಸಲೇ?" ಎಂದೆ. "ಬೇಡ ಮೇಡಂ, ಬರೆಯಿರಿ. ಒಂದು ಪರದೆ ಕಳುಹಿಸುತ್ತೇನೆ, ನೋಡಿ" ಎಂದ. ಲಿನಕ್ಸ್ ಸರ್ವರ್‌ಗಳಲ್ಲಿ ಡಿಸ್ಕುಗಳ ಸ್ಥಿತಿಯನ್ನು ಒಂದು ಸಣ್ಣ ಸಾಲು ತೋರಿಸುತ್ತದೆ. ನೆಟ್ಟಗಿರುವ ಒಂದೊಂದು ಡಿಸ್ಕಿಗೆ ಒಂದು 'ಯು' ಅಕ್ಷರ, ಇಲ್ಲದ್ದರ ಜಾಗದಲ್ಲಿ ಒಂದು ಅಡಿಗೆರೆ. ಅವನು ಕಳುಹಿಸಿದ ಚಿತ್ರದಲ್ಲಿ ಯು, ಯು, ಗೆರೆ, ಯು ಎಂದಿತ್ತು. ಆ ಗೆರೆಯನ್ನು ನೋಡುತ್ತಲೇ ಅಂದಿನ ಪಟ್ಟಿಗಳನ್ನೆಲ್ಲ ಬರೆದೆ. ತಾಣ ತುಸು ನಿಧಾನವಾಯಿತೇ ಹೊರತು ಒಮ್ಮೆಯೂ ನಿಲ್ಲಲಿಲ್ಲ. ಸಂಜೆ ನಾಲ್ಕೂವರೆಗೆ ಇನ್ನೊಂದು ಚಿತ್ರ ಬಂತು: ನಾಲ್ಕೂ ಯು. ಸರ್ವರ್ ಆರಿಸದೆಯೇ ಡಿಸ್ಕ್ ಬದಲಾಯಿಸಿದ್ದರು.

ಅಂದು ಒಂದು ವಿಷಯ ನನ್ನನ್ನು ಕಾಡಿತು, ಅದನ್ನು ಅವರಿಗೆ ನೇರವಾಗಿಯೇ ಹೇಳಿದೆ. ಹೊಸ ಡಿಸ್ಕನ್ನು ಉಗ್ರಾಣದಿಂದ ತಂದು ಹಾಕಲು ಐವತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಕೆಟ್ಟ ಡಿಸ್ಕಿನ ಜೋಡಿ ಒಂಟಿಯಾಗಿ ನಿಂತಿತ್ತು. ಉಳಿದ ಮೂರರಲ್ಲಿ ಬೇರೆ ಎರಡರ ಪೈಕಿ ಯಾವುದೋ ಒಂದು ಹೋಗಿದ್ದರೆ ತಡೆದುಕೊಳ್ಳಬಹುದಿತ್ತು. ಆ ಒಂಟಿಯೇ ಹೋಗಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಜೋಡಿಯ ಎರಡು ಡಿಸ್ಕುಗಳನ್ನು ಒಂದೇ ದಿನ ಕೊಂಡಿದ್ದರೆ, ಎರಡರ ಮೇಲೂ ಬಿದ್ದ ಬರಹ ಒಂದೇ, ಎರಡರ ಸವೆತವೂ ಒಂದೇ. ಎಸ್‌ಎಸ್‌ಡಿ ಎಂಬ ತಿರುಗದ ಬಗೆಯ ಡಿಸ್ಕುಗಳು ಬರೆದಷ್ಟೂ ಸವೆಯುವಂಥವು. ಒಂದೇ ದಿನ ಕೊಂಡ ಗೋಣಿಚೀಲಗಳು ಒಂದೇ ಮಳೆಗಾಲದಲ್ಲಿ ಹರಿಯುವುದನ್ನು ನಾನು ಮಂಡಿಯಲ್ಲಿ ಎಷ್ಟು ಸಲ ನೋಡಿಲ್ಲ! ವಿಚಾರಿಸಿದಾಗ ನಾಲ್ಕೂ ಒಂದೇ ಕಂತಿನವು ಎಂದು ಒಪ್ಪಿಕೊಂಡರು. ಆಮೇಲೆ ಎರಡು ಬದಲಾವಣೆ ಮಾಡಿದರು: ಜೋಡಿಯಲ್ಲಿ ಬೇರೆ ಬೇರೆ ಕಂತಿನ ಡಿಸ್ಕುಗಳನ್ನು ಹಾಕಿದರು, ಐದನೆಯ ಡಿಸ್ಕೊಂದನ್ನು ಖಾಲಿಯಾಗಿ ಸರ್ವರ್‌ನಲ್ಲೇ ಕಾಯಲು ಇಟ್ಟರು. ಏಳು ತಿಂಗಳ ನಂತರ ಎರಡನೆಯ ಡಿಸ್ಕ್ ನಡುರಾತ್ರಿ ಕೆಟ್ಟಾಗ ಆ ಕಾಯುವ ಡಿಸ್ಕ್ ತಾನೇ ಕೆಲಸಕ್ಕೆ ಇಳಿದಿತ್ತು. ಬೆಳಿಗ್ಗೆ ಕಾಫಿ ಕುಡಿಯುವಾಗ ಸಂದೇಶ ಓದಿದೆ. ನಾಲ್ಕೂ ಯು ಆಗಿ ಹೋಗಿತ್ತು.

ತಿಂಗಳ ಮೊದಲ ಭಾನುವಾರ ತಡರಾತ್ರಿ ಜೋಡಿಯ ಎರಡೂ ಪ್ರತಿಗಳನ್ನು ಓದಿ ತಾಳೆ ನೋಡುವ ಪರೀಕ್ಷೆಯನ್ನೂ ಇವರು ನಡೆಸುತ್ತಾರೆ. ಇದು ನನಗೆ ಬಹಳ ಹಿಡಿಸಿದ ಕೆಲಸ. ಎಂದೂ ತೆರೆಯದ ಪುಟ ಹಾಳಾಗಿರುವುದು ಬೇಕಾದ ದಿನವೇ ಗೊತ್ತಾಗಬಾರದು.

ಇಷ್ಟರವರೆಗೆ ಹೊಗಳಿದ್ದೆಲ್ಲ ಡಿಸ್ಕ್ ಕೆಟ್ಟಾಗಿನ ಮಾತು. ಮನುಷ್ಯ ತಪ್ಪಿದಾಗ ಏನಾಗುತ್ತದೆ ಎಂಬುದು ಕಳೆದ ವರ್ಷ ಗೊತ್ತಾಯಿತು. ಮೈದುನನ ಮಗ ಒಂದೇ ಹೆಸರಿನ ರೈತರ ಖಾತೆಗಳನ್ನು ಬೇರ್ಪಡಿಸಲು ಕೂತವನು ಒಂದು ಆದೇಶ ಕೊಟ್ಟ. ಅದು 412 ಖಾತೆಗಳ ಮುಂಗಡವನ್ನು ಸೊನ್ನೆ ಮಾಡಿತು. ಅವನಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ. ಆರನೆಯ ದಿನ ಹೊನ್ನವಳ್ಳಿ ಕಡೆಯ ರೈತರೊಬ್ಬರು ಮೊಬೈಲ್ ಹಿಡಿದು ಬಂದು, "ಅಮ್ಮಾ, ನಾನು ಇಪ್ಪತ್ತು ಸಾವಿರ ಮುಂಗಡ ತೆಗೆದುಕೊಂಡಿದ್ದೆ. ಇಲ್ಲಿ ಸೊನ್ನೆ ತೋರಿಸುತ್ತಿದೆ, ಸರಿ ಮಾಡಿ" ಎಂದರು. ಸಾಲವಿಲ್ಲ ಎಂದು ತೋರಿಸುತ್ತಿದ್ದ ಲೆಕ್ಕವನ್ನು ತಾವಾಗಿ ಬಂದು ತಿದ್ದಿಸಿದ ಆ ಮನುಷ್ಯನಿಗೆ ನಾನು ಎದ್ದು ನಿಂತು ಕೈಮುಗಿದೆ.

ರೇಡ್ ಇಲ್ಲಿ ಏನೂ ಮಾಡಲಾರದು. ಕಾರ್ಬನ್ ಹಾಳೆಯ ಮೇಲೆ ತಪ್ಪು ಬರೆದರೆ ಕೆಳಗಿನ ನಕಲಿನಲ್ಲೂ ಅದೇ ತಪ್ಪು ಮೂಡುತ್ತದೆ. ನಾಲ್ಕು ಡಿಸ್ಕುಗಳೂ ಆ 412 ಸೊನ್ನೆಗಳನ್ನು ನಿಷ್ಠೆಯಿಂದ ಬರೆದಿಟ್ಟುಕೊಂಡಿದ್ದವು. ಅಳಿಸಿದ್ದು, ಕಳ್ಳ ತಂತ್ರಾಂಶ ಬೀಗ ಹಾಕಿದ್ದು, ಕಟ್ಟಡಕ್ಕೇ ಬೆಂಕಿ ಬಿದ್ದದ್ದು, ಇವುಗಳಿಗೆಲ್ಲ ಬೇಕಾದದ್ದು ಬೇರೊಂದು ಊರಿನಲ್ಲಿ, ಬೇರೊಂದು ದಿನಾಂಕದಲ್ಲಿ ತೆಗೆದಿಟ್ಟ ಪ್ರತಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಒಂದು ದೊಡ್ಡ ಡೇಟಾ ಸೆಂಟರ್ ಹೊತ್ತಿ ಉರಿಯಿತು. ಲಕ್ಷಾಂತರ ಜಾಲತಾಣಗಳು ನಿಂತವು. ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇರಿಸಿದ್ದ ಗ್ರಾಹಕರಲ್ಲಿ ಕೆಲವರಿಗೆ ಏನೂ ಉಳಿಯಲಿಲ್ಲ. ನಮ್ಮ ಹಳೆಯ ಸಂಸ್ಥೆ ಒಂದೇ ಡಿಸ್ಕಿನಲ್ಲಿ ಎರಡನ್ನೂ ಇಟ್ಟದ್ದಕ್ಕೂ ಇದಕ್ಕೂ ಅಳತೆಯಲ್ಲಿ ವ್ಯತ್ಯಾಸ, ತಪ್ಪಿನಲ್ಲಿ ಅಲ್ಲ.

ಇವರ ಸರ್ವರ್ ಬೆಂಗಳೂರಿನಲ್ಲಿದೆ, ಬ್ಯಾಕಪ್ ಪ್ರತಿರಾತ್ರಿ ಎರಡು ಗಂಟೆಗೆ ಮುಂಬೈಗೆ ಹೋಗುತ್ತದೆ. ಆರು ದಿನ ಹಿಂದಿನ ಪ್ರತಿಯನ್ನು ಹಾಗೆಯೇ ಮೇಲೆ ಹಾಕಿಬಿಟ್ಟಿದ್ದರೆ ಆ ಆರು ದಿನಗಳ ಪಟ್ಟಿಗಳು ಹೋಗುತ್ತಿದ್ದವು. ಅವರು ಹಾಗೆ ಮಾಡಲಿಲ್ಲ. ಹಳೆಯ ಪ್ರತಿಯನ್ನು ಪ್ರತ್ಯೇಕವಾಗಿ ತೆರೆದು, ಮುಂಗಡದ ಕಲಂ ಒಂದನ್ನೇ ತೆಗೆದು, ಈಗಿನ ಲೆಕ್ಕಕ್ಕೆ ಸೇರಿಸಿದರು. ನಡುವಿನ ದಿನಗಳಲ್ಲಿ ಕೊಟ್ಟ ಹೊಸ ಮುಂಗಡ 23 ಇದ್ದವು. ಅವನ್ನು ಕಾರ್ಬನ್ ಪುಸ್ತಕ ನೋಡಿ ನಾನೇ ಏರಿಸಿದೆ. ಬೆಳಿಗ್ಗೆ ಹೇಳಿದ್ದು, ಸಂಜೆ ಏಳಕ್ಕೆ ಮುಗಿಯಿತು. ಶುಲ್ಕ 1,500 ರೂಪಾಯಿ. ಕೊಡಲು ಬೇಸರವಾಗಲಿಲ್ಲ.

ಬೇಸರವಾದದ್ದು ಬೇರೆ ಸಂಗತಿಗೆ. ಇವರು ಬ್ಯಾಕಪ್ ಇಟ್ಟುಕೊಳ್ಳುವುದು ಏಳೇ ದಿನ. ಆ ರೈತರು ಎರಡು ದಿನ ತಡವಾಗಿ ಬಂದಿದ್ದರೆ ಸೊನ್ನೆ ಬೀಳುವ ಮೊದಲಿನ ಪ್ರತಿಯೇ ಉಳಿದಿರುತ್ತಿರಲಿಲ್ಲ. ಕೊಬ್ಬರಿ ರೈತರು ವಾರಕ್ಕೊಮ್ಮೆ ಲೆಕ್ಕ ನೋಡುವವರಲ್ಲ, ಹಲವರು ಮಾಲು ತಂದ ದಿನ ಮಾತ್ರ ನೋಡುತ್ತಾರೆ. ಏಳು ದಿನ ಯಾವ ಲೆಕ್ಕಕ್ಕೂ ಸಾಲದು. ದಿನದ ಪ್ರತಿ ಒಂದು ತಿಂಗಳು, ತಿಂಗಳ ಪ್ರತಿ ಒಂದು ವರ್ಷ ಇರಬೇಕು ಎಂದು ಬರೆದು ಕೇಳಿದ್ದೇನೆ. ಇನ್ನೊಂದು, ಇವರ ಮುಖಪುಟದಲ್ಲಿ ಈಗಲೂ ದೊಡ್ಡ ಅಕ್ಷರಗಳಲ್ಲಿ "ರೇಡ್ 10 ಇದೆ, ನಿಮ್ಮ ಡೇಟಾ 100% ಸುರಕ್ಷಿತ" ಎಂದಿದೆ. ಫೋನಿನಲ್ಲಿ ಎಲ್ಲ ಡಿಸ್ಕೂ ಕೆಡುತ್ತದೆ ಎಂದು ಸತ್ಯ ಹೇಳಿದ ಸಂಸ್ಥೆ ಮುಖಪುಟದಲ್ಲಿ ಹೀಗೆ ಬರೆಯುವುದು ನನಗೆ ಸಹಿಸಲಾಗುವುದಿಲ್ಲ. ಅದನ್ನು ಓದಿ ಬ್ಯಾಕಪ್ ಬೇಡ ಎಂದುಕೊಂಡ ಒಬ್ಬ ಸಣ್ಣ ವ್ಯಾಪಾರಿ ಕೆಟ್ಟರೂ ಆ ಸಾಲಿಗೆ ಹೊಣೆ ಇದೆ. ಭಾನುವಾರ ಫೋನ್ ತೆಗೆಯುವುದಿಲ್ಲ, ಅದನ್ನೂ ಸರಿಪಡಿಸಿದರೆ ಒಳ್ಳೆಯದು.

ಕೊಳ್ಳುವ ಮುನ್ನ ಯಾರನ್ನಾದರೂ ಕೇಳಿ: ಡಿಸ್ಕುಗಳ ಜೋಡಣೆ ಯಾವುದು, ಕಾಯುವ ಡಿಸ್ಕ್ ಇದೆಯೇ, ಕೆಟ್ಟರೆ ನನಗೆ ಎಷ್ಟು ಹೊತ್ತಿನಲ್ಲಿ ಹೇಳುತ್ತೀರಿ, ಬ್ಯಾಕಪ್ ಯಾವ ಊರಿನಲ್ಲಿದೆ, ಅದನ್ನು ಕೊನೆಯ ಸಲ ತೆರೆದು ನೋಡಿದ್ದು ಯಾವಾಗ. ಕೊನೆಯ ಪ್ರಶ್ನೆಗೆ ತಡವರಿಸುವವರ ಹತ್ತಿರ ಹೋಗಬೇಡಿ. ನಾನು ಈಗ ಪ್ರತಿ ತಿಂಗಳು ಒಂದನೆಯ ತಾರೀಖು ಬ್ಯಾಕಪ್ಪಿನ ಒಂದು ಪ್ರತಿಯನ್ನು ಮಂಡಿಯ ಕಂಪ್ಯೂಟರ್‌ಗೆ ಇಳಿಸಿಕೊಂಡು, ಮನಸ್ಸಿಗೆ ಬಂದ ಮೂರು ಪಟ್ಟಿಗಳನ್ನು ಕಾರ್ಬನ್ ಪುಸ್ತಕದೊಂದಿಗೆ ತಾಳೆ ನೋಡುತ್ತೇನೆ. ನಾಲ್ಕನೆಯದು ಯಾವಾಗಲೂ ಆ ಅಜ್ಜಿಯದು. ಈ ತಿಂಗಳೂ ತೆರೆದೆ: ಒಂಬತ್ತು ಚೀಲ, ತೂಕ ಸರಿ, ದರ ಸರಿ.

ಇನ್ನೆರಡು ವರ್ಷಕ್ಕೆ ಹಣ ಕಟ್ಟಿದ್ದೇನೆ. ಬ್ಯಾಕಪ್ಪಿನ ಅವಧಿಯ ಬಗ್ಗೆ ಕಳುಹಿಸಿದ ಪತ್ರಕ್ಕೆ "ಪರಿಶೀಲಿಸುತ್ತಿದ್ದೇವೆ" ಎಂಬ ಉತ್ತರ ಬಂದು ಹನ್ನೆರಡು ದಿನಗಳಾದವು. ಆ ಏಳು ದಿನದ ಅವಧಿ ಮೂವತ್ತು ದಿನವಾದಾಗ ಐದನೆಯ ನಕ್ಷತ್ರವನ್ನು ಇಲ್ಲಿಯೇ ಸೇರಿಸುತ್ತೇನೆ.